3 ಗಂಟೆ ನಮ್ಮ ಬಳಿ, 21 ಗಂಟೆ ಊರಲ್ಲಿ

"ಅಡ್ಮಿಟ್ ಮಾಡ್ಕೊಂಬಿಡಿ ಸಾರ್, ಒಂದ್ ತಿಂಗ್ಳು ಒಳಗೇ ಇರ್ಲಿ." ಕುಡಿತ ಬಿಡಿಸಲು ಕರೆತಂದವರು ಮೊದಲು ಕೇಳುವುದು ಇದನ್ನೇ. ಒಳಗಿಟ್ಟರೆ ತಿಂಗಳು ಕುಡಿಯುವುದಿಲ್ಲ, ನಿಜ. ಆದರೆ ವೈನ್ ಶಾಪು, ಶನಿವಾರದ ಬಟವಾಡೆ, ಮನೆಯ ಜಗಳ ಎಲ್ಲ ಇರುವುದು ಹೊರಗೆ. ಗಾರೆ ಕೆಲಸದವರು, ಆಟೋದವರು ತಿಂಗಳು ದುಡಿಮೆ ಬಿಟ್ಟರೆ ಮನೆ ನಡೆಯುವುದೂ ಇಲ್ಲ. ಹಾಗಾಗಿ ನಮ್ಮ ಕೇಂದ್ರ ನಡೆಸುವುದು ಸಂಜೆಯ ಚಿಕಿತ್ಸೆ: ವಾರಕ್ಕೆ 3 ದಿನ, ದಿನಕ್ಕೆ 3 ಗಂಟೆ. ಅಮೆರಿಕದ ವ್ಯಸನ ವೈದ್ಯರ ಸಂಘ ಈ ಬಗೆಯ ತೀವ್ರ ಹೊರರೋಗಿ ಚಿಕಿತ್ಸೆಗೆ ವಾರಕ್ಕೆ 9ರಿಂದ 19 ಗಂಟೆ ಎನ್ನುತ್ತದೆ. ನಾವು ಕನಿಷ್ಠದಲ್ಲೇ ನಿಂತಿದ್ದೇವೆ; ಅದಕ್ಕಿಂತ ಹೆಚ್ಚು ಕೇಳಿದರೆ ಜನ ಬರುವುದಿಲ್ಲ.

ಎಲ್ಲರನ್ನೂ ತೆಗೆದುಕೊಳ್ಳುವುದಿಲ್ಲ. ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದಿದ್ದವರು, ಕಣ್ಣು ಹಳದಿಯಾದವರು, ಸಾಯುವ ಮಾತಾಡುವವರು, ಗರ್ಭಿಣಿಯರು, ರಾತ್ರಿ ಜೊತೆಗೆ ಯಾರೂ ಇಲ್ಲದವರು ಮೊದಲು ಆಸ್ಪತ್ರೆಯ ವಾರ್ಡಿಗೇ ಹೋಗಬೇಕು. ಎಷ್ಟು ಕುಡಿಯುತ್ತೀರಿ ಎಂದರೆ ಬರುವ ಉತ್ತರ "ಸ್ವಲ್ಪ ಸಾರ್, ಒಂದ್ ಕ್ವಾರ್ಟರ್". 180 ಎಂಎಲ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ, ಅಂದರೆ 10 ಗ್ರಾಂಗೆ ಒಂದರಂತೆ 6 ಯೂನಿಟ್. ಅದರಿಂದ ಲೆಕ್ಕ ಕೇಳುವುದಕ್ಕಿಂತ ಹೊತ್ತು ಕೇಳುವುದು ಮೇಲು: ದಿನದ ಮೊದಲ ಗುಟುಕು ಯಾವಾಗ? ಬೆಳಿಗ್ಗೆ ಲೋಟ ಹಿಡಿಯಲು ಕೈ ನಡುಗಿ, ಒಂದು ನೈಂಟಿ ಇಳಿದ ಮೇಲೆ ನಡುಕ ನಿಲ್ಲುವುದಾದರೆ ದೇಹ ಅದಕ್ಕೆ ಒಗ್ಗಿಹೋಗಿದೆ. ಅಂಥವರಿಗೆ "ನಾಳೆಯಿಂದ ಬಿಟ್ಟುಬಿಡು" ಎಂದು ಆಣೆ ಹಾಕಿಸುವುದು ಅಪಾಯ.

ಕುಡಿತ ನಿಲ್ಲಿಸಿದ ಮೊದಲ 5 ದಿನ ಮಾತ್ರ ಪ್ರತಿದಿನ ಬರಬೇಕು, ಜೊತೆಗೊಬ್ಬರೂ ಇರಬೇಕು. ಕೊನೆಯ ಗುಟುಕಿನಿಂದ 6–8 ಗಂಟೆಗೆ ನಡುಕ, ಬೆವರು, ವಾಂತಿ ಶುರು. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಭ್ರಮೆಯ ಸನ್ನಿ ಎರಡನೇ, ಮೂರನೇ ದಿನದ ಹೊತ್ತಿಗೆ. ನಡುಕ, ಬೆವರು, ತಳಮಳ ಹೀಗೆ 10 ಅಂಶಗಳಿಗೆ ಅಂಕ ಕೊಡುವ ಪಟ್ಟಿಯೊಂದಿದೆ, ಒಟ್ಟು 67 ಅಂಕ. 10ರೊಳಗಿದ್ದರೆ ಧೈರ್ಯವಾಗಿ ಮನೆಗೆ ಕಳಿಸುತ್ತೇವೆ. 15 ದಾಟಿದರೆ ವಾರ್ಡಿಗೆ. ನಡುಕದ ಮಾತ್ರೆಯನ್ನು, ಕ್ಲೋರ್‌ಡೈಯಾಜೆಪಾಕ್ಸೈಡ್ ಆಗಲಿ, ಲಿವರ್ ಸರಿಯಿಲ್ಲದವರಿಗೆ ಲೊರಾಜೆಪಾಮ್ ಆಗಲಿ, ಡಾಕ್ಟರು ದಿನದಿನಕ್ಕೆ ಇಳಿಸುತ್ತಾ ಬರೆಯುತ್ತಾರೆ. ಒಂದು ದಿನದ್ದನ್ನು ಮಾತ್ರ, ಅದೂ ಮನೆಯವರ ಕೈಗೆ ಕೊಡುತ್ತೇವೆ. ಸ್ಟ್ರಿಪ್ ಪೂರ್ತಿ ಕೊಟ್ಟರೆ ಮಾತ್ರೆಯ ಮೇಲೆ ಎಣ್ಣೆಯೂ ಬೀಳುತ್ತದೆ, ಎರಡೂ ಸೇರಿದರೆ ಉಸಿರೇ ನಿಲ್ಲಬಹುದು.

ಇಲ್ಲಿ ಮನೆಯವರಿಗೆ ಕಾಗದದ ಮೇಲೆ ಬರೆದೇ ಕೊಡುವ ಎರಡು ಮಾತಿವೆ. ಒಂದು: ಸುಸ್ತಾಗಿದ್ದಾನೆ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಬಾಟಲಿ ಹಾಕಿಸಬೇಡಿ. ವರ್ಷಗಟ್ಟಲೆ ಊಟ ಬಿಟ್ಟು ಕುಡಿದವರಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರೂ ಖರ್ಚಾಗಿ ಮಿದುಳಿಗೆ ಏಟು ಬೀಳುತ್ತದೆ. ಗೊಂದಲ, ತೂರಾಟ, ಕಣ್ಣುಗುಡ್ಡೆ ಸರಿಯಾಗಿ ತಿರುಗದಿರುವುದು ಅದರ ಗುರುತು. ಕುಡಿಯದೇ ತೂರಾಡುವವನನ್ನು "ಮತ್ತೆ ಹಾಕಿದಾನೆ" ಎಂದು ಬೈದು ಮಲಗಿಸುವುದು ನಾವು ಕಾಣುವ ಅತಿ ದುಬಾರಿ ತಪ್ಪು. ಎರಡು: ಮೂರನೇ ರಾತ್ರಿ ಗೋಡೆಯ ಮೇಲೆ ಹುಳ ಹರಿಯುತ್ತಿದೆ, ಯಾರೋ ಕರೆಯುತ್ತಿದ್ದಾರೆ ಎಂದರೆ ಅದು ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ಅಂತ್ರ ಕಟ್ಟಿಸಲು ಹೊರಡದೆ ಆ ರಾತ್ರಿಯೇ 108ಕ್ಕೆ ಫೋನ್ ಮಾಡಿ.

ಸಂಜೆ 5.30ರಿಂದ 8.30 ಎಂದು ಇಟ್ಟಿರುವುದಕ್ಕೆ ಕಾರಣ ಒಂದೇ, ಅದು ಬಾರಿನ ಹೊತ್ತು. ಬಂದ ಕೂಡಲೇ ತಟ್ಟೆಗೆ ಉಪ್ಪಿಟ್ಟೋ ಚಿತ್ರಾನ್ನವೋ ಹಾಕುತ್ತೇವೆ. ಹಸಿವು ಎಷ್ಟೋ ಸಲ ಕುಡಿಯುವ ಆಸೆಯ ವೇಷದಲ್ಲಿ ಬರುತ್ತದೆ. ಆಮೇಲೆ ಉಸಿರಿನ ಪರೀಕ್ಷೆ, ಒಂದೂಕಾಲು ಗಂಟೆ ಗುಂಪು, ನಂತರ ಒಬ್ಬೊಬ್ಬರ ಜೊತೆ ಮಾತು, ವಾರದಲ್ಲೊಂದು ದಿನ ಮನೆಯವರೊಂದಿಗೆ. ಗುಂಪಿನಲ್ಲಿ 10 ಜನಕ್ಕಿಂತ ಹೆಚ್ಚಾದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಗೋಡೆ ನೋಡುತ್ತಾರೆ. ಗುಂಪು ಕೆಡುವುದು ಬಾರಿನ ಕತೆಗಳಿಂದ. ಯಾವ ಬ್ರ್ಯಾಂಡಿಗೆ ಏನು ನಂಜಿಕೊಳ್ಳುವುದು ಚೆಂದ ಎಂದು ಒಬ್ಬ ಶುರು ಮಾಡಿದರೆ ಹತ್ತೂ ಜನರ ಬಾಯಲ್ಲಿ ನೀರು. ಅದಕ್ಕೇ ಕಟ್ಟುನಿಟ್ಟು: ಕಳೆದ 48 ಗಂಟೆಯ ಮಾತು ಮಾತ್ರ. ಎಲ್ಲಿ ಆಸೆ ಎದ್ದಿತು, ಜೊತೆಗೆ ಯಾರಿದ್ದರು, ಜೇಬಿನಲ್ಲಿ ಎಷ್ಟಿತ್ತು, ಏನು ಮಾಡಿದಿರಿ. ಆಸೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ತಾನೇ ಇಳಿಯುತ್ತದೆ. ಆ ಅರ್ಧ ಗಂಟೆಗೆ ಸ್ನಾನವೋ, ಮೊಸರನ್ನವೋ, ಯಾರಿಗೋ ಫೋನೋ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಜನ ಜಾರುವುದು ಕೇಂದ್ರದಿಂದ ಬಸ್ ಸ್ಟ್ಯಾಂಡಿನ ನಡುವೆ. ಬರುವ ದಾರಿಯ ನಕ್ಷೆಯನ್ನು ಅವರ ಕೈಯಿಂದಲೇ ಬರೆಸಿ, ಅಂಗಡಿಗಳಿಗೆ ಗುರುತು ಹಾಕಿಸಿ, ಬೇರೆ ದಾರಿ ಹುಡುಕಿಸುತ್ತೇವೆ. ಒಂದೇ ಕಡೆಗೆ ಹೋಗುವ ಇಬ್ಬರನ್ನು ಜೋಡಿ ಮಾಡುತ್ತೇವೆ. ಮೊದಲೆಲ್ಲ ಕೂಲಿ ಹಣ ಹೆಂಡತಿಯ ಕೈ ಸೇರಿದರೆ ಸಾಕಿತ್ತು. ಈಗ ದುಡ್ಡು ಫೋನಿನಲ್ಲಿದೆ. ಮೊದಲ ತಿಂಗಳು ಕೂಲಿ ಮನೆಯವರ ಖಾತೆಗೇ ಬೀಳಲಿ, ಇವರ ಬಳಿ ಪೇಮೆಂಟ್ ಆಪ್ ಇಲ್ಲದ ಕೀಪ್ಯಾಡ್ ಫೋನಿರಲಿ ಎಂದು ಇಬ್ಬರನ್ನೂ ಕೂರಿಸಿ ಒಪ್ಪಿಸುತ್ತೇವೆ. ಒಪ್ಪಿಸದೆ ಕಿತ್ತುಕೊಂಡರೆ ಕೈಸಾಲ ಶುರುವಾಗುತ್ತದೆ.

ಒಬ್ಬರು ಬರಲಿಲ್ಲವೆಂದರೆ ಫೋನ್ ಅದೇ ರಾತ್ರಿ, 7 ಗಂಟೆಗೇ ಹೋಗಬೇಕು. ಮಾರನೇ ದಿನ ಮಾಡಿದ ಫೋನಿಗೆ ಬೆಲೆಯಿಲ್ಲ. ಕುಡಿದೇ ಬಂದವರನ್ನು ಬಾಗಿಲಿನಿಂದ ಓಡಿಸುವುದಿಲ್ಲ, ಗುಂಪಿನಲ್ಲಿ ಕೂರಿಸುವುದೂ ಇಲ್ಲ. ಬೇರೆ ಕೋಣೆ, ನಾಡಿ, ಬಿ.ಪಿ., ಊಟ, ಮನೆಯವರಿಗೆ ಕರೆ, "ನಾಳೆ ಬನ್ನಿ". ಕುಡಿದ ಮೇಲೂ ಕಾಲು ಇಲ್ಲಿಗೇ ಬಂತಲ್ಲ, ಅದನ್ನು ಉಳಿಸಿಕೊಳ್ಳಬೇಕು.

ಆಸೆ ತಗ್ಗಿಸಲು ನಾಲ್‌ಟ್ರೆಕ್ಸೋನ್ ದಿನಕ್ಕೆ 50 ಮಿಲಿಗ್ರಾಂ, ಲಿವರ್ ಪರೀಕ್ಷೆಯ ನಂತರ. ಅಕ್ಯಾಂಪ್ರೊಸೇಟ್ ಆದರೆ ದಿನಕ್ಕೆ 6 ಮಾತ್ರೆ. ಹೆಚ್ಚಿನವರು ಮಧ್ಯಾಹ್ನದ್ದನ್ನು ಮರೆಯುತ್ತಾರೆ. ಡೈಸಲ್ಫಿರಾಮ್ ಬೇರೆಯೇ ಕತೆ. ಅದು ನುಂಗಿ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿ.ಪಿ. ಕುಸಿಯುತ್ತದೆ. ಮಾತ್ರೆ ಬಿಟ್ಟು ಎರಡು ವಾರದವರೆಗೂ ಹಾಗಾಗಬಹುದು. ಕೆಮ್ಮಿನ ಸಿರಪ್ಪು, ಆಸವ, ಅರಿಷ್ಟಗಳಲ್ಲೂ ಆಲ್ಕೋಹಾಲ್ ಇರುವುದರಿಂದ ಅವೂ ಬೇಡ. "ರೋಗಿಗೆ ತಿಳಿಯದಂತೆ ಬಿಡಿಸುತ್ತೇವೆ" ಎಂಬ ಜಾಹೀರಾತು ನೋಡಿ ಇದನ್ನು ಸಾರಿನಲ್ಲಿ ಕಲಸಿ ಹಾಕುವವರಿದ್ದಾರೆ. ಹೃದಯದ ತೊಂದರೆ ಇರುವವರ ಪ್ರಾಣವೇ ಹೋಗಬಹುದು. ಉಳಿದರೂ ಆ ಮನೆಯ ಊಟದ ಮೇಲಿನ ನಂಬಿಕೆ ಹೋಯಿತು.

ಗಾಂಜಾ, ಮಾತ್ರೆಗಳ ಹುಡುಗರದ್ದು ಬೇರೆ ಬ್ಯಾಚು. ದಿನವೂ ಗಾಂಜಾ ಸೇದುತ್ತಿದ್ದವರ ಮೂತ್ರ, ಬಿಟ್ಟ ಮೇಲೂ ತಿಂಗಳವರೆಗೆ ಪಾಸಿಟಿವ್ ಬರಬಹುದು. ಇದನ್ನು ಅಪ್ಪ ಅಮ್ಮನಿಗೆ ಮೊದಲೇ ಹೇಳದಿದ್ದರೆ "ಸುಳ್ಳು ಹೇಳ್ತಾನೆ" ಎಂಬ ಜಗಳದಲ್ಲೇ ಹುಡುಗ ತಪ್ಪಿಸಿಕೊಳ್ಳುತ್ತಾನೆ. ಟಪೆಂಟಾಡಾಲ್, ಟ್ರಮಡಾಲ್‌ನಂಥ ಅಫೀಮು ಬಗೆಯ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ, ಅದು ನಮಗೆ ಗೊತ್ತಿಲ್ಲದೆ ನಾಲ್‌ಟ್ರೆಕ್ಸೋನ್ ಕೊಟ್ಟರೆ ಅರ್ಧ ಗಂಟೆಯಲ್ಲಿ ನರಕ. ಕೊಡುವ ಮೊದಲು 7ರಿಂದ 10 ದಿನ ಆ ಮಾತ್ರೆಗಳಿಂದ ದೇಹ ಖಾಲಿಯಿರಬೇಕು. ಬಿಟ್ಟು ಕೆಲ ವಾರವಾದ ಮೇಲೆ ಹಳೇ ಡೋಸನ್ನೇ ಚುಚ್ಚಿಕೊಂಡರೆ ದೇಹ ತಡೆಯುವುದಿಲ್ಲ. ಸಾವುಗಳು ಆಗುವುದು ಈ ಹಂತದಲ್ಲೇ.

8 ವಾರದ ನಂತರ ವಾರಕ್ಕೊಂದು ಸಂಜೆ. ಜೊತೆಗೆ ಕುಡಿತ ಬಿಟ್ಟವರೇ ಸೇರುವ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್) ಸಭೆಯೋ, ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಯೋ, ಹತ್ತಿರ ಯಾವುದಿದೆಯೋ ಅದು. ರಾತ್ರಿ ಹೊತ್ತು ಮನಸ್ಸು ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಹಬ್ಬಗಳ ಪಟ್ಟಿ ಗೋಡೆಯ ಮೇಲಿದೆ. ಮಹಾಲಯ ಅಮಾವಾಸ್ಯೆಗೆ ತೀರಿಕೊಂಡ ಅಪ್ಪನ ಎಡೆಗೆ ಬಾಟಲಿ ಇಡುವ ಮನೆಗಳಿವೆ. ಎಡೆ ಎತ್ತಿದ ಮೇಲೆ ಅದು ಯಾರ ಪಾಲಿಗೆ ಎಂಬುದನ್ನು ವಾರ ಮೊದಲೇ ಮನೆಯ ಹಿರಿಯರ ಜೊತೆ ತೀರ್ಮಾನಿಸುತ್ತೇವೆ. ಎಡೆಗೆ ಎಳನೀರಿಟ್ಟರೆ ಇನ್ನೂ ಒಳ್ಳೆಯದು. ಯುಗಾದಿಯ ಮಾರನೇ ದಿನ ವರ್ಷತೊಡಕು. ಅವತ್ತು ಯಾವ ವಾರವೇ ಬರಲಿ, ಕೇಂದ್ರ ಬೆಳಿಗ್ಗೆ 11ಕ್ಕೇ ತೆರೆದಿರುತ್ತದೆ, ಬಾಡೂಟವೂ ಇಲ್ಲೇ.