ಗದಗಿನ ಬ್ಯಾಸಗಿ, ರೈಜನ್ 5600, ಎಸಿ ಇಲ್ಲದ ಕೋಣೆ

ಏಪ್ರಿಲ್‌ನಲ್ಲಿ ಕೋಣೆ 38 ಡಿಗ್ರಿ ಇದ್ದಾಗ ಎಎಂಡಿ ಕಂಪನಿಯ ಪ್ರೊಸೆಸರ್ ರೈಜನ್ 5 5600ಕ್ಕೆ ರೆಂಡರ್ (ವಿಡಿಯೊ, 3ಡಿ ಚಿತ್ರ ತಯಾರಿಸುವ ಭಾರೀ ಕೆಲಸ) ಹಚ್ಚಿದರೆ ಐದು ನಿಮಿಷದೊಳಗೆ ಚಿಪ್ಪು 90 ಡಿಗ್ರಿ. ಅದರ ಮಿತಿಯೇ 90, ಅಲ್ಲಿಂದ ಕ್ಲಾಕ್, ಅಂದರೆ ಚಿಪ್ಪಿನ ವೇಗ, ತಾನೇ ಇಳಿಯುತ್ತದೆ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಒಂದೇ ಮಾತು: “ಎಸಿ ಹಾಕಸ್ರಿ, ಇಲ್ಲಾ ಲಿಕ್ವಿಡ್ ಕೂಲರ್ ಒಯ್ರಿ.” ಲಿಕ್ವಿಡ್‌ಗೆ ಏಳು ಸಾವಿರದ ಆಸುಪಾಸು. ಈಗ ಅದೇ ಕೋಣೆ, ಅದೇ ರೆಂಡರ್, 74ರ ಸುತ್ತಮುತ್ತ. ಖರ್ಚು ಮೂರು ಸಾವಿರದ ಮೇಲೆ ಚಿಲ್ಲರೆ.

25 ಡಿಗ್ರಿ ಕೋಣೆಯವರು ತೋರಿಸುವ 65 ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ. ಕೋಣೆ 13 ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಕೋಣೆಗಿಂತ ಎಷ್ಟು ಮೇಲಿದೆ ಅನ್ನುವುದೇ ಲೆಕ್ಕ. ಸುಮ್ಮನಿದ್ದಾಗ 48, ಬ್ರೌಸರ್ ತೆರೆದಾಗ ಒಂದು ಕ್ಷಣ 60ಕ್ಕೆ ಜಿಗಿದರೆ ರೋಗವಲ್ಲ.

ಮೊದಲು ದುಡ್ಡು ಹಾಳಾದದ್ದು ಚಿಪ್ಪು ಮತ್ತು ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟಿಗೆ. ಮೂರು ಥರ ಹಚ್ಚಿದರೂ ವ್ಯತ್ಯಾಸ ಎರಡು ಡಿಗ್ರಿ. ಅದರಲ್ಲೊಮ್ಮೆ ತಣ್ಣಗಿದ್ದಾಗಲೇ ಕೂಲರ್ ಎಳೆದದ್ದಕ್ಕೆ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬಂತು, ನಾಲ್ಕು ಪಿನ್ ಸೊಟ್ಟ. ಈ ಚಿಪ್ಪಿನ ಎಎಂ4 ಸಾಕೆಟ್ಟಿನಲ್ಲಿ ಹತ್ತು ನಿಮಿಷ ಲೋಡ್ ಕೊಟ್ಟು, ಆಫ್ ಮಾಡಿ, ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಬೇಕು.

ನಿಜವಾದ ಸುಳಿವು ಸಿಕ್ಕದ್ದು ಪುಕ್ಕಟೆ: ಕಂಪ್ಯೂಟರ್ ಡಬ್ಬಿಯ (ಕ್ಯಾಬಿನೆಟ್ಟಿನ) ಪಕ್ಕದ ತಗಡು ತೆಗೆದು ಅದೇ ಲೋಡ್ ಕೊಟ್ಟಾಗ ಕ್ಲಾಕ್ ಮೇಲೆ ಬಂದರೂ ಚಿಪ್ಪು ಒಂಬತ್ತು ಡಿಗ್ರಿ ಇಳಿಯಿತು. ಅಂದರೆ ಡಬ್ಬಿಯೇ ಉಸಿರುಗಟ್ಟಿತ್ತು. ಮುಂದಿನ ಗಾಜಿನ ಹಿಂದೆ ಎರಡು 120 ಎಂಎಂ ಫ್ಯಾನ್ ಒಳಮುಖವಾಗಿ (ಒಂಬೈನೂರು), ಹಿಂದಿನ ಒಂದೇ ಒಂದು ಹೊರಮುಖ. ಗಾಜು ಮತ್ತು ಡಬ್ಬಿ ನಡುವೆ ಎರಡು ಬೆರಳು ಸಂದು ಬಿಡಿಸಿದೆ. ಪ್ರೊಸೆಸರ್ ಜೊತೆ ಬಂದ ಸ್ಟಾಕ್ ಕೂಲರ್ ಬದಲು ನಾಲ್ಕು ಪೈಪಿನ ಟವರ್ ಕೂಲರ್, ಸಾವಿರದ ಏಳುನೂರು. ಕೊನೆಗೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್) ಪಿಪಿಟಿ, ಅಂದರೆ ಚಿಪ್ಪು ಎಳೆಯಬಹುದಾದ ವಿದ್ಯುತ್ತಿನ ಮಿತಿ, 76 ವ್ಯಾಟಿನಿಂದ 60ಕ್ಕೆ. ರೆಂಡರ್ ನೂರಕ್ಕೆ ನಾಲ್ಕೈದು ನಿಧಾನ, ಅಷ್ಟೇ. ಕೋರಿನ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರಿಗೂ ಮೈನಸ್ 30 ಕೊಟ್ಟಾಗ ಬೆಂಚ್‌ಮಾರ್ಕ್ ಪಾಸಾಗಿ, ಸುಮ್ಮನಿದ್ದಾಗ ರೀಸ್ಟಾರ್ಟ್ ಆಗುತ್ತಿತ್ತು. ಈಗ ಕೋರಿಗೊಂದು ಲೆಕ್ಕ ಇದೆ. ನನ್ನ ಅಂಕಿ ನಿಮ್ಮ ಚಿಪ್ಪಿಗೆ ಹೊಂದುವುದಿಲ್ಲ, ಹಾಗಾಗಿ ಬರೆಯುವುದಿಲ್ಲ.

ನೀರಿನ ಏರ್‌ಕೂಲರನ್ನೂ ಡಬ್ಬಿಯೆದುರು ಇಟ್ಟು ನೋಡಿದ್ದಾಯಿತು. ಆರು ಡಿಗ್ರಿ ಲಾಭ, ಆದರೆ ಮೂರೇ ವಾರದಲ್ಲಿ ಪಸೆಗೆ ಧೂಳು ಟವರಿನ ಫಿನ್ನಿನ (ತೆಳು ಲೋಹದ ಪಟ್ಟಿ) ಮೇಲೆ ರೊಟ್ಟಿಯಂತೆ ಕಟ್ಟಿತು.

ಇಲ್ಲಿನ ಅಸಲಿ ಶತ್ರು ಅರಳೆ. ಜಿನ್ನಿಂಗ್ ಮಿಲ್ಲಿನ ಕಡೆ ಇದ್ದರೆ ಎಳೆಗಳು ಫ್ಯಾನು ಮತ್ತು ಫಿನ್ನಿನ ನಡುವೆ ಕಂಬಳಿಯಾಗುತ್ತವೆ. ಹೊರಗಿನಿಂದ ಬ್ಲೋವರ್ ಹೊಡೆದರೆ ಇನ್ನಷ್ಟು ಒಳಕ್ಕೆ ಕೂರುತ್ತದೆ. ಫ್ಯಾನ್ ಬಿಚ್ಚಿ, ಪೇಂಟ್ ಬ್ರಷ್ಷಿನಿಂದ ಎಳೆದು, ಆಮೇಲೆ ಗಾಳಿ. ಫ್ಯಾನಿಗೆ ಹೊಡೆಯುವಾಗ ರೆಕ್ಕೆ ಬೆರಳಿನಿಂದ ಹಿಡಿಯಿರಿ, ಬೇರಿಂಗ್ ಉಳಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಿಂದ ಬಂದ ಡಬ್ಬಿಗೆ ಮಾತ್ರ ಮಾಸ್ಕ್ ಇಲ್ಲದೆ ಬ್ಲೋವರ್ ಬೇಡ್ರಿ. ಅರಳೆ ತಡೆಯಲು ಹಾಕಿದ ಜಾಳಿಗೆಗೆ ಯಾವ ಬಟ್ಟೆ ಅಂತ ಕೇಳಬೇಡಿ, ಸೊಳ್ಳೆಪರದೆಯಂತೂ ಅಲ್ಲ. ಅರಳೆ ಸೀಸನ್ನಿನಲ್ಲಿ ಅದನ್ನು ಹದಿನೈದು ದಿನಕ್ಕೊಮ್ಮೆ ಝಾಡಿಸುತ್ತೇನೆ, ಉಳಿದಾಗ ತಿಂಗಳಿಗೊಮ್ಮೆ.