ಕರೆಂಟ್ ಹೋದಾಗ ಮಾಡೋಕೆ: ಮೆದುಳು ಆಕಾರನ ಹೆಂಗೆ ಕಟ್ಟುತ್ತೆ ಅಂತ ಮನೇಲೇ ನೋಡೋದು

ಸಕಲೇಶಪುರದ ಕಡೆ ಜುಲೈ ಮಳೆ ಅಂದ್ರೆ ಗೊತ್ತಲ್ಲ, ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ, ಮಕ್ಕಳು ತಲೆ ತಿಂತಾರೆ. ಅಕ್ಕನ ಮಗ "ಮಾಮ, ಕಣ್ಣು ಕ್ಯಾಮೆರಾ ಥರ ತಾನೆ" ಅಂದ, ಅಲ್ಲ ಕಣೋ ಬಾ ಇಲ್ಲಿ ಅಂತ ಕೂರಿಸ್ಕೊಂಡು ಇದನ್ನ ಮಾಡಿದ್ವಿ. ಬೇಕಾಗೋದು ಬಿಳಿ ಹಾಳೆ ಮೂರು, ದಪ್ಪ ಸ್ಕೆಚ್ ಪೆನ್, ಸ್ಕೇಲು, ಕತ್ತರಿ, ಒಂಚೂರು ಕಪ್ಪು ಪೇಪರ್.

ಒಂದು ಹಾಳೇಲಿ ಬೆರಳಗಲ ಬಿಟ್ಟು ಬಿಟ್ಟು ಗೆರೆ ಎಳೀರಿ, ಎಲ್ಲಾ ಬಲಕ್ಕೆ ಸುಮಾರು 15 ಡಿಗ್ರಿ ವಾಲಿರ್ಬೇಕು. ಇನ್ನೊಂದ್ರಲ್ಲಿ ಪೂರ್ತಿ ನೆಟ್ಟಗೆ. ವಾಲಿರೋದನ್ನ ಒಂದು ನಿಮಿಷ ನೋಡಿ, ಕಣ್ಣು ಒಂದೇ ಕಡೆ ನೆಡದೆ ಮಧ್ಯದಲ್ಲಿ ಸ್ವಲ್ಪ ಆಡಿಸ್ತಿರಿ, ತಲೆ ಮಾತ್ರ ವಾಲಿಸ್ಬೇಡಿ (ನಮ್ಮ ಹುಡುಗ ಇದ್ರಲ್ಲೇ ಮೂರು ಸಲ ಕೆಡಿಸಿದ). ಆಮೇಲೆ ತಟ್ಟಂತ ನೆಟ್ಟನೆ ಗೆರೆ ನೋಡಿ, ಎಡಕ್ಕೆ ವಾಲಿದಂಗೆ ಕಾಣುತ್ವೆ! ಕಿಟಕಿ ಹತ್ರ ಕೂತಿದ್ರೆ ತೋಟದ ಸಿಲ್ವರ್ ಓಕ್ ಮರಾನೇ ನೋಡಬಹುದು, ಆದ್ರೆ ಬೇಗ ನೋಡಿ, ಸ್ವಲ್ಪ ಸೆಕೆಂಡಲ್ಲಿ ಹೋಗ್ಬಿಡುತ್ತೆ.

ಯಾಕೆ ಅಂದ್ರೆ, 1950ರ ದಶಕದ ಕೊನೇಲಿ ಹ್ಯೂಬೆಲ್, ವೀಸೆಲ್ ಅಂತ ಇಬ್ರು ವಿಜ್ಞಾನಿಗಳು ಬೆಕ್ಕಿನ ಮೆದುಳಲ್ಲಿ ಒಂದೊಂದೇ ನ್ಯೂರಾನ್ (ನರಕೋಶ) ಸಿಗ್ನಲ್ ಕೇಳ್ತಾ ಇದ್ರು, ಬೆಕ್ಕಿಗೆ ಎಷ್ಟು ಚುಕ್ಕೆ ತೋರ್ಸಿದ್ರೂ ಒಂದು ನ್ಯೂರಾನ್ ಸರಿಯಾಗಿ ಬಾಯಿ ಬಿಡ್ಲಿಲ್ಲ, ಗಾಜಿನ ಸ್ಲೈಡ್ ಬದಲಾಯ್ಸುವಾಗ ಅದರ ಅಂಚಿನ ನೆರಳು ಹಾದು ಹೋಯ್ತು ನೋಡಿ, ಅದು ಪಟಪಟ ಅಂತ ಶುರು ಮಾಡ್ತು. ಅದಕ್ಕೆ ಬೇಕಾಗಿದ್ದು ಚುಕ್ಕೆ ಅಲ್ಲ, ಒಂದು ನಿರ್ದಿಷ್ಟ ಕೋನದಲ್ಲಿರೋ ಗೆರೆ. 1981ರಲ್ಲಿ ಇಬ್ರಿಗೂ ನೊಬೆಲ್ ಬಂತು. ತಲೆ ಹಿಂಭಾಗದಲ್ಲಿರೋ ವಿ1 ಅನ್ನೋ ಜಾಗದಲ್ಲಿ ಇಂಥವು ರಾಶಿ ಇವೆ, ಒಂದೊಂದಕ್ಕೆ ಒಂದೊಂದು ಕೋನ ಇಷ್ಟ. ಒಂದು ನಿಮಿಷ ಬಲಕ್ಕೆ ವಾಲಿದ್ದೇ ತೋರ್ಸಿದ್ರೆ ಬಲದ ಪಾರ್ಟಿಯವ್ರು ಸುಸ್ತಾಗ್ತಾರೆ, ನೆಟ್ಟನೆ ಗೆರೆ ಬಂದಾಗ ಎಡದವ್ರ ಓಟು ಜಾಸ್ತಿ ಬೀಳುತ್ತೆ.

ಕಣ್ಣೇ ಸುಸ್ತಾಗಿದ್ದು ಅಂತೀರಾ? ಚೆಕ್ ಮಾಡಿ. ಎಡಗಣ್ಣು ಮುಚ್ಕೊಂಡು ಬಲಗಣ್ಣಲ್ಲಿ ಮಾತ್ರ ಒಂದು ನಿಮಿಷ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೆಟ್ಟನೆ ಗೆರೆ ನೋಡಿ. ಸ್ವಲ್ಪ ಕಮ್ಮಿ ಇರುತ್ತೆ, ಆದ್ರೆ ಇರುತ್ತೆ. ಎಡಗಣ್ಣು ಆ ಹಾಳೆ ನೋಡೇ ಇಲ್ವಲ್ಲ! ಅಂದ್ರೆ ಎರಡೂ ಕಣ್ಣಿನ ಮಾಹಿತಿ ಸೇರೋ ಜಾಗದಲ್ಲಿ, ಮೆದುಳೊಳಗೆ ಇದು ನಡೀತಿದೆ. ನಂಗಂತೂ ಎಲ್ಲಕ್ಕಿಂತ ಇದೇ ಇಷ್ಟ ಆಗಿದ್ದು.

ಕೊನೇದು. ಕಪ್ಪು ಪೇಪರಲ್ಲಿ ಟೀ ಲೋಟದ ತಳ ಇಟ್ಟು ಮೂರು ಬಿಲ್ಲೆ ಕತ್ತರಿಸಿ, ಪ್ರತಿಯೊಂದ್ರಲ್ಲೂ ಆರನೇ ಒಂದು ಭಾಗ ತುಂಡು ತೆಗೀರಿ. ಖಾಲಿ ಬಿಳಿ ಹಾಳೆ ಮೇಲೆ ತ್ರಿಕೋನದ ಮೂಲೆಗಳಲ್ಲಿ, ಬಾಯಿ ಒಳಮುಖ ಮಾಡಿ ಇಡಿ. ಮಧ್ಯ ಹಾಳೆಗಿಂತ ಬೆಳ್ಳಗೆ ಒಂದು ತ್ರಿಕೋನ ಕಾಣುತ್ತೆ, ಯಾರೂ ಬರೆದಿಲ್ಲ. ಇಟಲಿಯ ಮನೋವಿಜ್ಞಾನಿ ಕನಿಝಾ 1955ರಲ್ಲಿ ಇದನ್ನ ತೋರಿಸಿದ್ದು. ಇಂಥ ಇಲ್ಲದ ಅಂಚಿಗೂ ಕೋತಿಗಳ ಮೆದುಳಲ್ಲಿ ವಿ1 ಆದ್ಮೇಲೆ ಬರೋ ವಿ2 ಅನ್ನೋ ಜಾಗದ ನ್ಯೂರಾನ್‌ಗಳು ಸಿಗ್ನಲ್ ಕೊಡುತ್ವೆ ಅಂತ 1984ರಲ್ಲಿ ಗೊತ್ತಾಯ್ತು. ಅಲ್ಲಿಂದ ಮುಂದೆ ವಿ4 ಅನ್ನೋ ಜಾಗದಲ್ಲಿ ಬಾಗು-ಬಳುಕು ಗುರುತಿಸೋ ನ್ಯೂರಾನ್‌ಗಳು, ಇನ್ನೂ ಮುಂದೆ ಕೈ, ಮುಖ ಗುರುತಿಸೋವು, ಅದನ್ನೆಲ್ಲ ಹಾಳೇಲಿ ತೋರ್ಸೋದು ಕಷ್ಟ.

ತ್ರಿಕೋನ ಕಾಣ್ಲಿಲ್ಲ ಅಂದ್ರೆ ಬಿಲ್ಲೆಗಳನ್ನ ಹತ್ರ ತನ್ನಿ, ತುಂಡಿನ ಅಂಚು ಒಂದಕ್ಕೊಂದು ನೇರಕ್ಕಿದೆಯಾ ನೋಡಿ. ಕಂಡ್ರೆ ಒಂದು ಬಿಲ್ಲೇನ ಚೂರು ತಿರುಗಿಸಿ, ಮಾಯ ಆಗುತ್ತೆ.