ಆಫೀಸಿನ ಹಳೇ ಕಂಪ್ಯೂಟರ್ ಭಂಗಾರಕ್ಕ (ಗುಜರಿಗೆ) ಹಾಕೋ ಮದ್ಲ ಇಷ್ಟ್ ಮಾಡ್ರಿ

ಪುಣೆದಾಗ ಭೋಸರಿ ಎಂಐಡಿಸಿ (ಕಾರ್ಖಾನೆ ಏರಿಯಾ) ಕಡೆ ಕೆಲಸ ಮಾಡೋ ನಮ್ಮ ಮಂದಿಗೆಲ್ಲಾ ಗೊತ್ತು, ಇಲ್ಲಿ ವಾರದ ಸೂಟಿ ಗುರುವಾರ. ಬುಧವಾರ ಸಂಜಿ ಬೆಳಗಾವಿ ಬಸ್ ಹಿಡಿಯೋ ಗಡಿಬಿಡಿಯಾಗ ಮಾನಿಟರ್ ಬಟನ್ ಅಷ್ಟ ಒತ್ತಿ ಎದ್ದ್ ಹೋಗ್ತಾರ, ಸಿಪಿಯು ಶುಕ್ರವಾರ ಮುಂಜಾನೆತನಕ ಹಂಗ ಚಾಲೂ ಇರ್ತೈತಿ.

ಲೆಕ್ಕಾ ಹಾಕ್ರಿ. ಸುಮ್ನ ಕುಂತ ಸಿಪಿಯು 50 ವ್ಯಾಟ್ ತಿಂತೈತಿ ಅಂತ ಹಿಡೀರಿ. ವಾರಕ್ಕ 168 ತಾಸು, ಅದ್ರಾಗ ಕೆಲಸ 60 ತಾಸು, ದಿನಾ ರಾತ್ರಿನೂ ಹಿಂಗ ಚಾಲೂ ಬಿಟ್ರ ಉಳಿದ 108 ತಾಸಿಗೆ ಒಂದ್ ಮಷೀನಿಗೆ 5.4 ಯುನಿಟ್, ಇಪ್ಪತ್ತ್ ಮಷೀನ್ ಇದ್ರ ವಾರಕ್ಕ 108 ಯುನಿಟ್! ನಮ್ಮ ದೇಶದ ಕರೆಂಟಿಗೆ ಯುನಿಟ್ಟಿಗೆ ಸುಮಾರು 0.7 ಕಿಲೋ ಕಾರ್ಬನ್ ಡೈಆಕ್ಸೈಡ್ ಬರ್ತೈತಿ, ಅಂದ್ರ ಯಾರೂ ಕುಂತಿಲ್ಲದ ಕುರ್ಚಿ ಮುಂದ ವಾರಕ್ಕ 75 ಕಿಲೋ ಹೊಗಿ.

ಇದಕ್ಕ ಯಾರಿಗೂ ಬೈಯೋದ್ ಬ್ಯಾಡ, ಸೆಟ್ಟಿಂಗ್ ಬದಲಿ ಮಾಡ್ರಿ. ಪವರ್ ಸೆಟ್ಟಿಂಗಿನ್ಯಾಗ ಸ್ಕ್ರೀನ್ 5 ನಿಮಿಷಕ್ಕ ಆಫ್, ಮಷೀನ್ 15 ನಿಮಿಷಕ್ಕ ಸ್ಲೀಪ್ ಅಂತ ಇಡ್ರಿ, ಟಾಸ್ಕ್ ಶೆಡ್ಯೂಲರ್‌ನ್ಯಾಗ (ಹೇಳಿದ ಹೊತ್ತಿಗೆ ಕೆಲಸ ಮಾಡಿಸೋ ವಿಂಡೋಸ್ ಟೂಲ್) ರಾತ್ರಿ 8ಕ್ಕ ಶಟ್‌ಡೌನ್ ಹಾಕ್ರಿ. ರಾತ್ರಿ ರೆಂಡರಿಂಗ್ (ಡಿಸೈನಿನ ಚಿತ್ರ ತಯಾರ ಮಾಡೋ ಕೆಲಸ) ಹಚ್ಚಿ ಹೋಗೋ ಡಿಸೈನ್ ಮಷೀನ್ ಇದ್ರ ಅದರ ಮ್ಯಾಲ ಕೆಲಸ ಮಾಡೋರನ್ನ ಮದ್ಲ ಕೇಳಿ, ಅದನ್ನಷ್ಟ ಬಿಟ್ಟ್ ಬಿಡ್ರಿ, ಇಲ್ಲಾಂದ್ರ ಜಗಳ ಆಗ್ತೈತಿ. ಸ್ಕ್ರೀನ್‌ಸೇವರ್‌ನಿಂದ ಕರೆಂಟ್ ಉಳಿತೈತಿ ಅನ್ನೋದು ತಪ್ಪು ತಿಳುವಳಿಕಿ, ಅದು ಓಡೋತನಕ ಮಾನಿಟರೂ ಉರೀತಾನ ಇರ್ತೈತಿ.

ಪ್ರಿಂಟರ್‌ದಾಗ ಎರಡೂ ಬದಿ ಪ್ರಿಂಟ್ ಡಿಫಾಲ್ಟ್ ಮಾಡ್ರಿ, ಎಸಿ 24ಕ್ಕ ಇಡ್ರಿ. ಸರ್ವರ್ ರೂಮ್ 18 ಡಿಗ್ರಿಯಾಗ ಥಂಡಿ ಇರಬೇಕು ಅಂತೇನಿಲ್ಲ, 27ತನಕ ನಡೀತೈತಿ.

ಈಗ ಮುಖ್ಯ ಮಾತಿಗೆ ಬರ್ತೀನಿ. ಲ್ಯಾಪ್‌ಟಾಪಿನ ಪೂರ್ತಿ ಆಯುಷ್ಯದ ಕಾರ್ಬನ್ ಹೊಗಿಯೊಳಗ ದೊಡ್ಡ ಪಾಲು ಅದನ್ನ ತಯಾರ ಮಾಡೋವಾಗ ಹೋಗ್ತೈತಿ, ವಾಪರ್ಸೋವಾಗ ಅಲ್ಲ. ಅದಕ್ಕ ಹೊಸದು ತಗೊಳ್ಳದ ಇರೋದ ದೊಡ್ಡ ಉಳಿತಾಯ. ಮಷೀನ್ ಸ್ಲೋ ಆತಂದ್ರ ಪುಣೆದ ಬುಧವಾರ ಪೇಠದಾಗಿನ ಎಲೆಕ್ಟ್ರಾನಿಕ್ಸ್ ಬಜಾರ ತಾಪಕೀರ ಗಲ್ಲಿಗೆ ಹೋಗಿ ಒಂದ್ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಹಾಕೋ ಜೋರಾಗಿ ಓಡೋ ಡಿಸ್ಕ್), ಸ್ವಲ್ಪ ರ‍್ಯಾಮ್ ತಗೊಂಡ ಬರ್ರಿ. ನಮ್ಮ ಅಕೌಂಟ್ಸ್ ಟೇಬಲ್ ಮ್ಯಾಲಿನ ಡೆಸ್ಕ್‌ಟಾಪ್ ಚಾಲೂ ಆಗೋದ್ರಾಗ ಚಹಾ ಕುಡಿದ್ ಬರಬಹುದಿತ್ತು, ಹಾರ್ಡ್ ಡಿಸ್ಕ್ ತಗದು ಎಸ್‌ಎಸ್‌ಡಿ ಹಾಕಿದ ಮ್ಯಾಲ ಹೊಸದರಂಗ ಓಡಾಕತ್ತೈತಿ.

ವಿಂಡೋಸ್ 10ರ ಸಪೋರ್ಟ್ 14 ಅಕ್ಟೋಬರ್ 2025ಕ್ಕ ಮುಗೀತು, ಹಂಗಂತ ಎಲ್ಲಾ ಒಗೀಬ್ಯಾಡ್ರಿ. ಮದ್ಲ ಬಯಾಸ್‌ನ್ಯಾಗ (ಮಷೀನ್ ಚಾಲೂ ಆಗೋವಾಗ ತೆಗಿಯೋ ಸೆಟ್ಟಿಂಗ್) ಟಿಪಿಎಂ (ಸುರಕ್ಷತಾ ಚಿಪ್) ಆಫ್ ಐತೇನು ನೋಡ್ರಿ, ಭಾಳ ಸಲ ಅಷ್ಟ ಕಾರಣಕ್ಕ ಮಷೀನ್ ವಿಂಡೋಸ್ 11 ಬ್ಯಾಡ ಅಂತೈತಿ. ಖರೇನ ಹಳೇದಿದ್ರ, ಬರೇ ಮೇಲ್, ಬ್ರೌಸರ್, ಗೇಟ್‌ಪಾಸ್ ಕೆಲಸಕ್ಕ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಹಾಕೋ ಪುಕ್ಕಟೆ ಸಿಸ್ಟಮ್) ಸಾಕು.

ಕಡೀಗೆ ಏನೂ ಉಪಯೋಗ ಆಗಲ್ಲಂದ್ರ? ಭಂಗಾರವಾಲಾಗ ತೂಕದ ಮ್ಯಾಲ ಕೊಡಬ್ಯಾಡ್ರಿ. ನಾನೂ ಒಮ್ಮೆ ಕೊಟ್ಟೇನಿ, ಇನ್ನೂ ಮನಸಿಗೆ ಚುಚ್ಚತೈತಿ, ಯಾಕಂದ್ರ ತಾಮ್ರಕ್ಕಂತ ವಾಯರ್ ಸುಡ್ತಾರ, ಬಂಗಾರಕ್ಕಂತ ಬೋರ್ಡ್ ಆಸಿಡ್‌ನ್ಯಾಗ ಹಾಕ್ತಾರ, ಆ ಹೊಗಿ ಕುಡಿಯೋರು ಬಡವರು, ಭಾಳ ಕಡೆ ಸಣ್ಣ ಹುಡುಗ್ರು. 1 ಏಪ್ರಿಲ್ 2023ರಿಂದ ಹೊಸ ಇ-ವೇಸ್ಟ್ (ಎಲೆಕ್ಟ್ರಾನಿಕ್ ಕಸ) ನಿಯಮ ಜಾರಿ ಅದಾವ, ದೊಡ್ಡ ಕಂಪನಿಗಳು ನೋಂದಣಿ ಆದವರಿಗಷ್ಟ ಕೊಡಬೇಕು. ಸಣ್ಣ ಆಫೀಸಿನವರೂ ಅದನ್ನ ಮಾಡ್ರಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕಡೆ ನೋಂದಣಿ ಆದ ರೀಸೈಕ್ಲರ್ ಹೌದೇನು ನೋಡಿ ಕೊಡ್ರಿ, ಕೊಟ್ಟ ರಸೀದಿ ಫೈಲಿಗೆ ಹಚ್ಚಿ ಇಡ್ರಿ.

ಕೊಡೋ ಮದ್ಲ ಡಾಟಾ ಪೂರ್ತಿ ಅಳಸ್ರಿ, ಬರೇ ಡಿಲೀಟ್ ಮಾಡಿದ್ರ ಫೈಲ್ ವಾಪಸ್ ಬರ್ತಾವ. ಹಾರ್ಡ್ ಡಿಸ್ಕ್ ಮ್ಯಾಲ ಒಮ್ಮೆ ಪೂರ್ತಿ ಓವರ್‌ರೈಟ್ (ಹಳೇ ಡಾಟಾ ಮ್ಯಾಲ ಬ್ಯಾರೆ ಬರಿಯೋದು), ಎಸ್‌ಎಸ್‌ಡಿಗೆ ಸೆಕ್ಯೂರ್ ಇರೇಸ್ (ಡಿಸ್ಕ್ ತಾನ ಎಲ್ಲಾ ಅಳಸೋ ಆಜ್ಞೆ) ಮಾಡ್ರಿ. ಯುಪಿಎಸ್ ಬ್ಯಾಟರಿ ಹೊಸದು ತಗೊಳ್ಳೋವಾಗ ಹಳೇದನ್ನ ಅದ ಅಂಗಡಿಯವಗ ವಾಪಸ್ ಕೊಡ್ರಿ. ಲ್ಯಾಪ್‌ಟಾಪ್ ಬ್ಯಾಟರಿ ಉಬ್ಬಿದ್ರ ಮತ್ತ ಚಾರ್ಜ್ ಹಚ್ಚಬ್ಯಾಡ್ರಿ, ಒತ್ತಬ್ಯಾಡ್ರಿ, ಕಾಗದ-ಪೆಟ್ಟಿಗಿ ಹತ್ರ ಇಲ್ಲದಂಗ ಬ್ಯಾರೆ ಇಡ್ರಿ, ಮದ್ಲ ಅದನ್ನ ರೀಸೈಕ್ಲರ್ ಕಡೆ ಕಳಸ್ರಿ.